ಕೋಷ್ಟಕ ಒಂದು

ಶುಕ್ರವಾರ, ಮೂರು ಗಂಟೆ. ಮ್ವಾಂಜಾದ ಆಸ್ಪತ್ರೆಯ ಮೇಲಂತಸ್ತು.
ಕಿಟಕಿಯಾಚೆ ಸರೋವರ, ಗುಂಡುಬಂಡೆಗಳ ಮೇಲೆ
ರೆಕ್ಕೆ ಒಣಗಿಸುವ ನೀರುಕಾಗೆ.
ಒಳಗೆ ಒಂಬತ್ತು ಕುರ್ಚಿ, ಶುಂಠಿ ಚಹಾ,
ಹನ್ನೆರಡು ವರ್ಷ ಹಳೆಯ ಪ್ರಯೋಗದ ಒಂದು ವರದಿ.
ಬಿಡಿಸಿ ಓದುವ ಸರದಿ ನನ್ನದು.

ಫಲಿತಾಂಶ ಮೊದಲು ಓದಬೇಡ, ಎನ್ನುತ್ತಾರೆ ಡಾಕ್ಟರ್ ಬುಗೋಹೆ,
ಅದು ಮದುವೆಮನೆಯ ಮುಂಬಾಗಿಲು, ಹೂವು ಇದ್ದೇ ಇರುತ್ತದೆ.
ಹಿತ್ತಲಿಗೆ ಹೋಗು. ಪಾತ್ರೆ ತೊಳೆಯುವವರನ್ನು ಕೇಳು:
ಎಷ್ಟು ತಟ್ಟೆ ಹೋಯಿತು, ಎಷ್ಟು ತಿರುಗಿ ಬಂತು.

ಹೋದೆ.
ಇನ್ನೂರ ಹದಿನಾಲ್ಕು ಮಕ್ಕಳು, ನ್ಯುಮೋನಿಯಾ.
ವಾಡಿಕೆಯ ಔಷಧ ಎಲ್ಲರಿಗೂ;
ಅದರ ಮೇಲೊಂದು ಹೊಸ ಸಿರಪ್ಪು, ಅರ್ಧ ಜನಕ್ಕಷ್ಟೇ.
ಯಾರಿಗೆಂಬುದು ಮುಚ್ಚಿದ ಲಕೋಟೆಗೆ ಮಾತ್ರ ಗೊತ್ತು.
ತೀರ್ಪು: ಪ್ರಯೋಜನವಿಲ್ಲ.
ಸಿರಪ್ಪು ಅಲ್ಲಿಗೆ ಮಣ್ಣಾಯಿತು.

ಆದರೆ ಕೋಷ್ಟಕ ಒಂದು, ಯಾರೂ ಓದದ ಆ ಪುಟ್ಟ ಅಕ್ಷರ:
ಸಿರಪ್ಪಿನ ಮಕ್ಕಳ ತೂಕ ಎಂಟು ಕಿಲೋ ನೂರು ಗ್ರಾಂ,
ಉಳಿದವರದು ಒಂಬತ್ತೂವರೆ. ವಯಸ್ಸು ಒಂದೇ.
ದಾಳ ಹೀಗೂ ಬೀಳುತ್ತದೆ, ಎಂದರು ಯಾರೋ.
ಬೀಳುತ್ತದೆ.
ತೂಕ ಕಡಿಮೆ, ಆಮ್ಲಜನಕ ಕಡಿಮೆ, ಉಸಿರಿನ ಓಟ ಹೆಚ್ಚು,
ಮೂರೂ ಒಂದೇ ಕಡೆ ವಾಲಿದರೆ
ಅದು ದಾಳವಲ್ಲ, ಬೆರಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಹುಣ್ಣು ಇನ್ನೊಬ್ಬರದಾದರೆ ಬೇಕು;
ಎರಡೂ ಗುಂಪಿಗೆ ಒಂದೇ ಕನ್ನಡಿ, ಒಂದೇ ಬೆಳಕು.
ಲಕೋಟೆ ಎಂಥ ಕಾಗದದ್ದು, ಬರೆದಿಲ್ಲ, ಎಂದೆ,
ದೀಪಕ್ಕೆ ಹಿಡಿದರೆ ಒಳಗಿನದು ಕಾಣುತ್ತಿತ್ತೋ ಏನೋ.

ಕಾಣುತ್ತಿತ್ತು.

ಹಿಂದಿನಿಂದ ಬಂದ ದನಿ. ಫ್ಲಾಸ್ಕು ತಂದಿಟ್ಟು ನಿಂತಿದ್ದ
ದಾಖಲೆ ಕೋಣೆಯ ಲಿಮಿ. ಆಗ ನರ್ಸು.
ನಮ್ಮ ಸುಕುಮಾದಲ್ಲಿ ಆ ಹೆಸರಿಗೆ ಅರ್ಥ ಬಿಸಿಲು.
ರಾತ್ರಿ ಪಾಳಿ, ಎಂದರು. ತಾಯಿಯ ಕೈಯಲ್ಲಿ ಮಗು,
ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಸೇದುತ್ತಿದೆ.
ಮೇಲಿನ ಲಕೋಟೆಯಲ್ಲಿ 'ಇಲ್ಲ'.
ಅದನ್ನು ಅಡಿಗೆ ಸೇರಿಸಿದೆ.
ಬೆಳಿಗ್ಗೆ ಬಂದ ದುಂಡನೆಯ ಕೂಸಿಗೆ ಕೊಟ್ಟೆ.
ಒಂದು ಸಲವಲ್ಲ.

ಪಕ್ಷಪಾತ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು;
ಪರೀಕ್ಷೆಗೆ ಉರು ಹೊಡೆದ ಪದ.
ಚಹಾದ ಜೊತೆ ನುಂಗಿದೆ.
ಕರುಣೆಗೊಂದು ಕಾಲಂ ಯಾರೂ ಎಳೆದಿರಲಿಲ್ಲ,
ಅದು ಗ್ರಾಮುಗಳ ವೇಷದಲ್ಲಿ ಬಂದು ಕೂತಿತ್ತು.
ಭಾರದ ಹೊರೆಯೆಲ್ಲ ಒಂದೇ ಎತ್ತಿನ ಮೇಲೆ ಹೇರಿ
ಎತ್ತು ಮೈಗಳ್ಳ ಎಂದು ಅಚ್ಚು ಹಾಕಿಸಿದ್ದೆವು.

ಹಾಗಾದರೆ ಆ ಸಿರಪ್ಪು ಒಳ್ಳೆಯದಿತ್ತೆ, ಕೇಳಿದರು ಲಿಮಿ.
ಬುಗೋಹೆ ನನ್ನತ್ತ ನೋಡಿದರು. ನಾನು ಕಾಗದದತ್ತ.
ಗೊತ್ತಿಲ್ಲ, ಎಂದೆ.
ಇದರಿಂದ ಇನ್ನು ಗೊತ್ತಾಗುವುದೂ ಇಲ್ಲ.

ಅವರು ತಲೆಯಾಡಿಸಿ ಲೋಟ ಎತ್ತತೊಡಗಿದರು.
ಎಣಿಸಿದರು: ಎಂಟು. ಮತ್ತೆ ಎಣಿಸಿದರು.
ಒಂಬತ್ತನೆಯದು ನನ್ನ ಕೈಯಲ್ಲೇ ಇತ್ತು,
ಆರಿ ತಣ್ಣಗಾಗಿ.