ಹುಬ್ಬುಗಳ ಲೆಕ್ಕ

ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕೆ: ಆರು.
ತೊಗಟೆ ಸುಲಿದ ವರ್ಷದ ಕೊನೆಯ ಅಂಕೆ ಅದು.
ಒಂಬತ್ತು ವರ್ಷ ತುಂಬುವವರೆಗೆ
ಈ ಕಾರ್ಕ್ ಓಕಿಗೆ ಕೊಡಲಿ ಸೋಕಿಸುವ ಹಾಗಿಲ್ಲ.
ನೆಲದ ಮೇಲಿನದಕ್ಕೆಲ್ಲ ಹೀಗೆ
ಕಟ್ಟುಪಾಡು ಉಂಟು ಅಲೆಂತೇಜುವಿನಲ್ಲಿ.
ಕೆಳಗಿನದಕ್ಕೆ
ನಾನಿದ್ದೇನೆ, ನನ್ನ ಮೂರು ಗಾಲಿಯ ಗಾಡಿ ಇದೆ,
ಗಾಡಿಯ ಹೊಟ್ಟೆಗೆ ಬಿಗಿದ ಕಿತ್ತಳೆ ಡಬ್ಬಿಯಲ್ಲಿ ರೇಡಾರು.

ಕೂಸಿನ ಗಾಡಿ ಅನ್ನುತ್ತಾನೆ ಬೆಲ್ಮೀರು.
ನಲವತ್ತು ಬೇಸಿಗೆ ತೊಗಟೆ ಸುಲಿದವನು;
ಬೆನ್ನು ಕೈಕೊಟ್ಟ ಮೇಲೆ
ನನ್ನ ಅಳತೆಪಟ್ಟಿಯ ಆ ತುದಿ ಹಿಡಿಯುವ ಕೂಲಿ.
ಆ ಆರನ್ನು ಬರೆದವನು ಅವನೇ.
ಕುಂಚದ ಕೂದಲೊಂದು ಬಣ್ಣಕ್ಕೆ ಅಂಟಿ
ಇನ್ನೂ ಅಲ್ಲೇ ಇದೆ.
'ಮಲಗಿತಾ?' ಡಬ್ಬಿಗೆ ಬಗ್ಗಿ ಕೇಳುತ್ತಾನೆ.
ಇಲ್ಲ, ಕೇಳಿಸಿಕೊಳ್ಳುತ್ತಿದೆ.

ಪೂರ್ವದಿಂದ ಪಶ್ಚಿಮಕ್ಕೆ ದಾರ. ಕಾಲು ಮೀಟರಿಗೊಂದು ಸಾಲು.
ಮರಳು, ಸುಟ್ಟ ಹುಲ್ಲು, ಹಂದಿ ಕೆದಕಿದ ಹೊಂಡ;
ಗಾಲಿ ತಡವರಿಸಿದರೆ ಸಾಲು ಮತ್ತೆ ಮೊದಲಿಂದ.
ಪರದೆಯಲ್ಲಿ ಬೂದು ಪಟ್ಟೆಗಳು, ಅವುಗಳ ನಡುವೆ
ಬೇರು ಸಿಕ್ಕಲ್ಲಿ ನೆಲ ಹುಬ್ಬೇರಿಸುತ್ತದೆ.
ಗಣಿತದಲ್ಲಿ ಇದು ಅತಿಪರವಲಯ.
ನಮಗೆ ಹುಬ್ಬು ಸಾಕು.
ಸಂಜೆಗೆ ಹದಿನಾರನೆಯ ಮರದಡಿ
ಮುನ್ನೂರ ಹನ್ನೆರಡು ಹುಬ್ಬು.

ಬೆರಳಿಗಿಂತ ಸಣ್ಣ ಬೇರು ಯಂತ್ರದ ಪಾಲಿಗೆ ಇಲ್ಲ.
ಒಣಗಿ ಸತ್ತದ್ದೂ ಇಲ್ಲ;
ಒಳಗೆ ನೀರಿದ್ದರಷ್ಟೇ ಮಾರ್ದನಿ.
ಎರಡು ಬೇರು ತಬ್ಬಿಕೊಂಡು ಹೋದರೆ
ಒಂದೇ ಎಂದು ಬರೆದುಕೊಳ್ಳುತ್ತದೆ.
ಇಷ್ಟನ್ನೂ ಕೇಳಿ ಬೆಲ್ಮೀರು,
'ನನ್ನ ಕಣ್ಣೂ ಈಚೆಗೆ ಹಾಗೇ' ಅಂದ.

ಹದಿನಾರನ್ನು ಮಾತ್ರ ಅಗೆಯಲು ಅಪ್ಪಣೆ ಸಿಕ್ಕಿತ್ತು.
ಹೊಸ ಕಾಲುವೆಗೆ ಅಡ್ಡ ಬಂದ ಮರ.
ಒಂಬತ್ತು ತುಂಬಲು ಇನ್ನೊಂದೇ ವರ್ಷ ಬಾಕಿ.
ಕಿತೇರಿಯಾ ಗಾಳಿಯ ಕೋವಿ ಹಿಡಿದಳು,
ಮರಳು ಎದ್ದು ಹಾರಿ ನಮ್ಮ ಹಲ್ಲಿಗೆ ಬಂತು.
ಕತ್ತರಿಸಿ, ತೊಳೆದು, ಚೀಟಿ ಕಟ್ಟಿ,
ಎಪ್ಪತ್ತು ಡಿಗ್ರಿಯ ಒಲೆಯಲ್ಲಿ ದಿನಗಟ್ಟಲೆ ಒಣಗಿಸಿ
ತೂಗಿದೆವು.

ನನ್ನ ರೇಡಾರು ಹೇಳಿದ್ದು ನೂರ ಎಂಬತ್ತೆಂಟು ಕಿಲೋ.
ತಕ್ಕಡಿ ಹೇಳಿದ್ದು ಇನ್ನೂರ ಅರವತ್ತೊಂದು.

ಮಿಕ್ಕದ್ದು ಎಲ್ಲಿತ್ತು?
ಗುಂಡಿಯ ಚಿತ್ರ ಬಿಡಿಸಿಕೊಂಡು ನೋಡಿದೆ.
ತೊಡೆಗಾತ್ರದ ಬೇರು,
ಪೂರ್ವದಿಂದ ಪಶ್ಚಿಮಕ್ಕೆ,
ಗೆರೆ ಎಳೆದಂತೆ ನನ್ನ ದಾರದಡಿಯಲ್ಲೇ.
ಅಡ್ಡ ದಾಟಿದ್ದರೆ ಹುಬ್ಬು ಮೂಡುತ್ತಿತ್ತು.
ನಾನೋ ಅದರ ಜೊತೆಜೊತೆಗೇ ನಡೆದಿದ್ದೆ,
ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ,
ಪರದೆಯ ಮೇಲಿನ ಸಪಾಟು ಗೆರೆಯನ್ನು
ಮಣ್ಣಿನ ಪದರವೆಂದು ಅಳಿಸಿದ್ದೆ.

'ಗೊತ್ತಿತ್ತು,' ಅಂದ ಬೆಲ್ಮೀರು.
ಹುಡುಗನಾಗಿದ್ದಾಗ ಅಪ್ಪನ ನೇಗಿಲು
ಅದಕ್ಕೆ ತಾಗಿ ಮುರಿದಿತ್ತಂತೆ.
ಹೇಳಬಾರದಿತ್ತೇ?
'ನೀನು ಎಣಿಸುತ್ತಾ ಇದ್ದೆ.'

ವರದಿಯಲ್ಲಿ ಬರೆದೆ: ಶೇಕಡಾ ಇಪ್ಪತ್ತೆಂಟು ಕೊರತೆ.
ಇನ್ನು ಮುಂದೆ ದಾರ ಉತ್ತರದಿಂದ ದಕ್ಷಿಣಕ್ಕೂ.
ಹದಿನೇಳನೆಯ ಮರಕ್ಕೆ ಹೊರಟಾಗ ತಿಳಿಯಿತು,
ಚೀಲ ನಲವತ್ತೊಂದರಲ್ಲಿ
ದೊಡ್ಡ ಬೇರಿನದೊಂದು ಬಿಲ್ಲೆ ಇಲ್ಲ,
ಅಂಗೈಯಷ್ಟು ಅಗಲದ್ದು.
ಬೆಲ್ಮೀರುವಿನ ಕೋಟಿನ ಬಲಜೇಬು ಜೋತುಬಿದ್ದಿತ್ತು.

ಸಾಗಣೆಯಲ್ಲಿ ನಷ್ಟ, ಇನ್ನೂರ ಹತ್ತು ಗ್ರಾಂ,
ಅಂತ ಬರೆದು ಪೆನ್ನು ಮುಚ್ಚಿದೆ.
ಹುಬ್ಬೇರಿಸಲಿಲ್ಲ.