ಮೂರನೆಯ ಕಿಟಕಿ

ಶಿಡ್ಲಘಟ್ಟದ ನಮ್ಮ ಸಣ್ಣ ದೇವಾಲಯಕ್ಕೆ
ಬಣ್ಣದ ಗಾಜಿನ ಕಿಟಕಿ ಆರು.
ಮೂರನೆಯದು ಹುಡುಗರ ಕ್ರಿಕೆಟ್ಟಿಗೆ ಒಡೆದು
ಆ ಜಾಗಕ್ಕೆ ಸಾದಾ ಗಾಜು ಬಂತು.
ಉಳಿದ ಐದರಲ್ಲಿ ಕುರಿಮರಿ, ದ್ರಾಕ್ಷಿ, ಪಾರಿವಾಳ;
ಇದರಲ್ಲಿ ಇಲಿಯಾಸ್ ಸಾಬರ ಗ್ಯಾರೇಜು.

ಅದರ ಅಂಗಳದಲ್ಲಿ
ಮಾರಾಟಕ್ಕಿದೆ ಅಂತ ಸೀಟಿಗೆ ರಟ್ಟು ಕಟ್ಟಿಸಿಕೊಂಡು
ಒಂದು ಕೆಂಪು ಯೆಜ್ಡಿ.

ನಾನು ಕೂರುತ್ತಿದ್ದುದು ಆ ಕಿಟಕಿಯ ಪಕ್ಕ.
ಗಾಳಿಗೆ, ಅಂದುಕೊಂಡಿದ್ದೆ.

ಮೊದಮೊದಲು ಅದು ಬರೀ ಗಾಡಿ.
ಎರಡನೆಯ ಭಾನುವಾರ ಟ್ಯಾಂಕಿನ ಮೇಲೊಂದು ಗೀರು ಕಂಡಿತು.
ಐದನೆಯದಕ್ಕೆ ಆ ಗೀರು ನನ್ನದಾಗಿತ್ತು,
ನಂದಿ ಬೆಟ್ಟದ ತಿರುವಿನಲ್ಲಿ ನಾನೇ ಬಿದ್ದು ಮಾಡಿಕೊಂಡ ಹಾಗೆ.
ಪ್ರಸಂಗ ಮುಗಿಯುವಷ್ಟರಲ್ಲಿ ಚಿಂತಾಮಣಿ ದಾಟಿರುತ್ತಿದ್ದೆ.
ಕಾಣಿಕೆ ತಟ್ಟೆ ಹತ್ತಿರ ಬಂದಾಗ
ಜೇಬಿನ ಇಪ್ಪತ್ತರ ನೋಟು
ಪೆಟ್ರೋಲಿನ ಲೆಕ್ಕದಲ್ಲಿ ಕಾಣುತ್ತಿತ್ತು.

ತಪ್ಪೆಂದು ಗೊತ್ತಿತ್ತು. ಮೊಣಕಾಲೂರಿ ಬೇಡಿದೆ:
ಕರ್ತನೇ, ಈ ಯೆಜ್ಡಿಯ ಆಸೆ ತೆಗೆದುಬಿಡು,
ಈ ಕೆಂಪು ಯೆಜ್ಡಿ, ಎರಡು ಸೈಲೆನ್ಸರಿನ ಈ ಯೆಜ್ಡಿ...
ಆಮೆನ್ ಅನ್ನುವಷ್ಟರಲ್ಲಿ
ಅದು ಎರಡು ಸುತ್ತು ಹೊಡೆದು ಹೊಳೆಯುತ್ತ ನಿಂತಿರುತ್ತಿತ್ತು.
ಪ್ರಾರ್ಥನೆಯನ್ನೇ ಬಟ್ಟೆ ಮಾಡಿಕೊಂಡು
ನಾನು ಒರೆಸುತ್ತಿದ್ದುದು ಅದನ್ನೇ.

ಆಮೇಲೆ ಲೇಯಮ್ಮನ ಕಣ್ಣಿಗೆ ಪೊರೆ ಬಂತು.
ನಲವತ್ತು ವರ್ಷ ರೇಷ್ಮೆ ಬಿಚ್ಚಿದ ಹೆಂಗಸು,
ಬಿಸಿನೀರಿನಲ್ಲಿ ಬೆರಳ ಗೆರೆಯೆಲ್ಲ ಕರಗಿ
ಆಧಾರ್ ಮಿಷನ್ನಿಗೂ ಗುರುತು ಸಿಗದವಳು.
"ಅವಳ ಪಕ್ಕ ಕೂತು ಸಾಲು ಹೇಳಿಕೊಡು," ಅಂದರು ಅಯ್ಯನವರು,
"ನಿನ್ನ ಕಣ್ಣು ಚೆನ್ನಾಗಿದೆಯಲ್ಲ."
ತಿಳಿಯದೆ ಅಂದರೋ, ತಿಳಿದೋ.

ಒಂದೊಂದು ಸಾಲೂ ಅವಳ ಕಿವಿಗೆ ಹಾಕಬೇಕು,
ಹಾರ್ಮೋನಿಯಂ ಅಲ್ಲಿಗೆ ಬರುವ ಮೊದಲು.
ಒಂಚೂರು ತಡವಾದರೆ
ಅವಳ ಬಾಯಿ ಖಾಲಿ ತೆರೆದುಕೊಂಡೇ ಉಳಿಯುತ್ತದೆ.
ಒಮ್ಮೆ ಹಾಗಾಯಿತು; ನಾನು ಗಾಜಿನಾಚೆ ಇದ್ದೆ.
ಬೈಯಲಿಲ್ಲ. ಆರಾಧನೆ ಮುಗಿದ ಮೇಲೆ ಕೈ ಹಿಡಿದು ಅಂದಳು:
"ಗೂಡು ಬೇಯ್ತಾ ಇರ್ತದಲ್ಲ ಮಗ,
ಎಳೆ ತುದಿ ಕಾಣಾಕಿಲ್ಲ. ಹುಡುಕಬೇಕು.
ಸಿಗೋಗಂಟ ಅತ್ತಗಿತ್ತ ನೋಡಬಾರ್ದು.
ಸಿಕ್ತು ಅಂದ್ರೆ ನೀನು ಎಳೆಯಾದು ಬ್ಯಾಡ,
ರಾಟೆ ಎಳ್ಕಂಡೋಯ್ತದೆ."

ಬದಲಾಗಬೇಕೆಂದು ಕೂತವನಲ್ಲ ನಾನು.
ಬೆರಳು ಸಾಲಿನ ಕೆಳಗೆ, ಕಣ್ಣು ಅವಳ ತುಟಿಯ ಮೇಲೆ.
ಮೇಲ್ತುಟಿಯ ಮಚ್ಚೆ, ಸೆರಗಿನಲ್ಲಿ ಬೆಂದ ಗೂಡಿನ ವಾಸನೆ,
ಕರುಣೆ ಎಂಬ ಪದ ಬಂದಾಗಲೆಲ್ಲ ಅವಳು
ಅರ್ಧ ಉಸಿರು ಹೆಚ್ಚು ನಿಲ್ಲುವುದು.
ಯಾಕೆ ನಿಲ್ಲುತ್ತಾಳೆ?
ಮಾರುಕಟ್ಟೆಯಲ್ಲಿ ಗೂಡು ತೂಗುವಾಗಲೂ,
ಹರಾಜಿನ ಗದ್ದಲದ ನಡುವೆಯೂ ಆ ಅರ್ಧ ಉಸಿರು.
ನನಗೂ ಅದು ಬೇಕನ್ನಿಸಿತು.
ಅದು ಅಂದರೆ ಏನೆಂದು
ರಟ್ಟಿನ ಮೇಲೆ ಬರೆದು ಕಟ್ಟಲು ಬರುವುದಿಲ್ಲ.

ಯೆಜ್ಡಿ ಹೋಗಿದೆಯೆಂದು ತಿಳಿದದ್ದು
ಸುಗ್ಗಿಯ ಆರಾಧನೆಯ ಹಿಂದಿನ ಸಂಜೆ,
ಕುಂಬಳಕಾಯಿ ಇಡಲು ಕಿಟಕಿಯ ಕಟ್ಟೆ ಒರೆಸುವಾಗ.
ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ.
"ಅದಾ? ಎರಡು ತಿಂಗಳಾಯ್ತಲ್ಲ," ಅಂದರು ಸಾಬರು.
ಎಂಟು ಭಾನುವಾರ.
ನಾನು ಅಲ್ಲೇ ಕೂತಿದ್ದೆ.

ಗೆದ್ದೆ ಅನ್ನಲಾರೆ.
ಹೋದ ವಾರ ಲೇಯಮ್ಮನಿಗೆ ಜ್ವರ, ಜಾಗ ಖಾಲಿ.
ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು,
ಕಣ್ಣು ತಾನಾಗಿ ಸಾದಾ ಗಾಜಿಗೆ ಹೋಯಿತು.
ಅಲ್ಲೊಂದು ನೀಲಿ ಸ್ಕೂಟರು, ಕನ್ನಡಿಯಲ್ಲಿ ಬಿಸಿಲು.
ಬೆರಳನ್ನು ಸಾಲಿನ ಕೆಳಗೆ ಇಟ್ಟೆ.
ಅಲ್ಲಿಲ್ಲದ ಕಿವಿಗೆ ಮೆಲ್ಲಗೆ
ಸಾಲು ಹೇಳತೊಡಗಿದೆ,
ಹಾರ್ಮೋನಿಯಂ ಅಲ್ಲಿಗೆ ಬರುವ ಮೊದಲು.