ಪಾಂಗ್ ಅಜ್ಜಿ ಹೊಸ ಹುಡುಗಿಗೆ ಹೇಳಿದ್ದು

ಮೊದಲು ಕೈ ತೊಳಿ. ಸೋಪು ಬೇಡ, ಬರೀ ನೀರು;
ಸೋಪಿನ ಘಮ ಪುದೀನದ ಖಾನೆಗೆ ಹತ್ತಿದರೆ
ಸಂಜೆಯವರೆಗೂ ನನ್ನ ಮೂಗು ಸುಳ್ಳು ಹೇಳುತ್ತದೆ.

ಇದು ಬೋಜೋ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು
ಇಲ್ಲಿ ನಡೆಯುವುದಿಲ್ಲ ಮಗಾ, ಇಲ್ಲಿ ಹಿತ್ತಲೇ ಅಂಗಡಿ.
ಗ್ವೋ ನದಿಯ ಆಚೆ ಪಿಯೋನಿ ಅರಳಿದಾಗ
ಪೇಟೆಯವರು ಫೋಟೋ ತೆಗೆಯಲು ಬರುತ್ತಾರೆ.
ನಮ್ಮವರು ಹೂ ಚಿವುಟಿ ಬದುವಿಗೆ ಎಸೆಯುತ್ತಾರೆ:
ಬೇರು ದಪ್ಪಗಾಗಬೇಕು.

ಇದು ನೂರು ಮಕ್ಕಳ ಬೀರು. ಎಣಿಸಬೇಡ, ಎಪ್ಪತ್ತೆರಡೇ.
ಭಾರದ್ದು ಕೆಳಗೆ, ಸಿಂಪಿಚಿಪ್ಪು, ಕಲ್ಲು;
ಹಗುರದ್ದು ಮೇಲೆ, ಸೇವಂತಿಗೆ, ತಾವರೆ ಎಲೆ.
ಕೈಗೆಟಕುವ ನಡುವಿನಲ್ಲಿ ಅತಿಮಧುರ:
ಜಗಳ ಬಿಡಿಸಲು ಬಂದ ಸೋದರಮಾವನ ಹಾಗೆ
ಎಲ್ಲ ಪೊಟ್ಟಣದಲ್ಲೂ ಒಂದು ಚೂರು ಕೂರುತ್ತದೆ.
ಆದರೆ ಕಡಲಪಾಚಿಯ ಜೊತೆ ಅದಕ್ಕೆ ಮಾತಿಲ್ಲ.
ಒಟ್ಟಿಗೆ ಕಟ್ಟಿದೆಯೋ, ನಾಳೆ ನೀನು ಬರಬೇಡ.

ಕೆಳಗಿನಿಂದ ಎರಡನೆಯ ಸಾಲು, ಮೂಲೆಯದ್ದು, ಎಳೆಯಬೇಡ.
ಖಾಲಿ. ಹುಲಿ ಅನ್ನುವ ಅಕ್ಷರ ಇದೆ, ಮೂಳೆ ಇಲ್ಲ.
ನನ್ನ ಮಾವನ ಕಾಲದಲ್ಲಿತ್ತು.
ಮಂಡಿನೋವಿನವರು ರಾಶಿ ದುಡ್ಡು ಸುರಿದರು.
ಮಂಡಿ ನೋಯುತ್ತಲೇ ಇತ್ತು,
ಕಾಡು ಮಾತ್ರ ಸುಮ್ಮನಾಯಿತು.

ನಾಡಿಗೆ ಮೂರು ಬೆರಳು. ಉಗುರು ಕತ್ತರಿಸಿಕೋ.
ಮಣಿಕಟ್ಟಿನ ಗುಬ್ಬಿನ ಪಕ್ಕ ನಡುಬೆರಳು,
ಆಚೆಗೊಂದು, ಈಚೆಗೊಂದು.
ತಂತಿ ಬಿಗಿದಂತಿದ್ದರೆ ಸಿಟ್ಟು;
ಅತ್ತೆ ಮನೆಯಲ್ಲೇ ಇದ್ದಾಳೇನು ಎಂದು ಕೇಳು.
ತಟ್ಟೆಯಲ್ಲಿ ಮುತ್ತು ಉರುಳಿದಂತಿದ್ದರೆ ಬಸುರಿ ಇರಬಹುದು,
ಇಲ್ಲಾ ಹೊಟ್ಟೆ ಬಿರಿಯ ತಿಂದಿರಬಹುದು.
ಬೆರಳಿಗೆ ಗೊತ್ತಾಗದ್ದನ್ನು ಬಾಯಿಂದ ಕೇಳಬೇಕು,
ಅದರಲ್ಲಿ ಅವಮಾನವಿಲ್ಲ.

ಇನ್ನೊಂದಿದೆ.
ಮಳೆ ನಿಂತ ಮೇಲೆ ಮಾಡು ಸೋರುವ ಹಾಗೆ:
ಒಂದು ಹನಿ.

ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಇನ್ನೊಂದು.

ಅದನ್ನು ನನ್ನವನ ಕೈಯಲ್ಲೇ ಓದಿದೆ.
ಏನನ್ನುತ್ತದೆ, ಅಂದ.
ನಾಳೆ ಚಳಿ ಅನ್ನುತ್ತದೆ, ಅಂದೆ.
ಒಲೆ ಹೊತ್ತಿಸಿ ಮದ್ದು ಕುದಿಸಿದೆ,
ಮೂರು ಬಟ್ಟಲು ನೀರು ಒಂದು ಬಟ್ಟಲಾಗುವವರೆಗೆ.
ಕೆಲಸ ಬೇಕಿತ್ತಲ್ಲ ಕೈಗೆ.

ಚರಟವನ್ನು ಬೀದಿಗೆ ಚೆಲ್ಲುವುದು ಹಳೆಯ ರೂಢಿ,
ದಾರಿಹೋಕರು ತುಳಿದು ಕಾಯಿಲೆ ಒಯ್ಯಲಿ ಎಂದು.
ಈಗ ನಗರಸಭೆ ದಂಡ ಹಾಕುತ್ತದೆ.
ನಾನು ನಡುರಾತ್ರಿ ಚೆಲ್ಲಿದೆ.
ಬೆಳಿಗ್ಗೆ ಬಾಗಿಲು ತೆಗೆದು
ಮೊದಲು ತುಳಿದವಳು ನಾನೇ.

ಆ ಮಡಕೆ ನೋಡು, ಕಿವಿ ಮುರಿದದ್ದು, ತಕ್ಕಡಿಯ ಮೇಲ್ಗಡೆ.
ನಮ್ಮದು ಆ ವಾರವೇ ಒಡೆದಿತ್ತು, ಯೂಮೇಯ ಮನೆಯಿಂದ ತಂದೆ.
ಮದ್ದಿನ ಮಡಕೆಯನ್ನು ಹಿಂದಿರುಗಿಸುವಂತಿಲ್ಲ,
ಕಾಯಿಲೆಯನ್ನೂ ಜೊತೆಗೆ ಕಳಿಸಿದ ಹಾಗಾಗುತ್ತದೆ.
ಕೊಟ್ಟವರೇ ಬಂದು ಒಯ್ಯಬೇಕು.
ಹನ್ನೊಂದು ವರ್ಷವಾಯಿತು.
ದಿನಾ ಸಿಗುತ್ತಾಳೆ, ಬೆಳ್ಳುಳ್ಳಿಯ ಬೆಲೆ ಹೇಳುತ್ತಾಳೆ,
ಮಡಕೆಯ ಮಾತು ಎತ್ತುವುದಿಲ್ಲ.
ಧೂಳು ಒರೆಸುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿ.

ಇನ್ನು, ಎದೆ ಒತ್ತಿಕೊಂಡು ಬೆವರುತ್ತ ಬಂದವನ
ನಾಡಿ ಹಿಡಿಯುತ್ತ ಕೂರಬೇಡ, ಟ್ಯಾಕ್ಸಿ ಕರೆ.
ಆಸ್ಪತ್ರೆ ಸೇತುವೆಯ ಆಚೆ, ಫೋನ್ ನಂಬರು ಗೋಡೆಯ ಮೇಲಿದೆ.
ಇದು ನನ್ನಿಂದಾಗದು ಅನ್ನುವುದು
ಎಪ್ಪತ್ತೆರಡು ಖಾನೆಯಲ್ಲೂ ಇಲ್ಲದ ಮದ್ದು.
ನಾನು ಅದನ್ನು ತಡವಾಗಿ ಕಲಿತೆ.

ಬಾ, ಕೂತುಕೋ. ನನ್ನ ಕೈ ಹಿಡಿ.
ಮೆಲ್ಲಗೆ. ಬಾಳೆಹಣ್ಣು ಹಿಸುಕುತ್ತಿಲ್ಲ ನೀನು.
ಈಗ ಸ್ವಲ್ಪ ಒತ್ತು.
ಏನು ಕೇಳಿಸುತ್ತದೆ?

ಏನೂ ಗೊತ್ತಾಗುತ್ತಿಲ್ಲವೇ?

ಒಳ್ಳೆಯದು. ಹೋದ ವಾರ ಬಂದವನು
ಒಂದೇ ಉಸಿರಿಗೆ ನನಗೆ ಒಂಬತ್ತು ರೋಗ ಹೇಳಿದ.

ಹೋಗು, ಬಾಗಿಲು ತೆಗೆ,
ಹೊರಗೆ ಯಾರದೋ ಕೆಮ್ಮು ಕಾಯುತ್ತಿದೆ.